ಒಂಬತ್ತು ಮುಕ್ಕಾಲು ಸೆಂಟಿಮೀಟರ್

ಐದು ಸ್ಕ್ರೂ ಬಿಚ್ಚಿ ಕ್ಯಾಸೆಟ್ಟಿನ ಮೇಲಿನ ಹೋಳು ಎತ್ತಿದೆ. ಮೊದಲು ಮೇಜಿನ ಮೇಲೆ ಉದುರಿದ್ದು ಹೆಸರುಕಾಳಿನಷ್ಟು ಗಾತ್ರದ ಒಂದು ಬಟ್ಟೆಚೂರು. ರೀಲಿನಿಂದ ಹಾಡು ಓದುವ ಹೆಡ್ಡಿಗೆ ರೀಲನ್ನು ಒತ್ತಿ ಹಿಡಿಯುವುದು ಅದೇ. ತಾಮ್ರದ ತೆಳು ಪಟ್ಟಿಗೆ ಅದನ್ನು ಅಂಟಿಸಿದ್ದ ಗೋಂದು ಒಣಗಿ ಬಿಟ್ಟುಕೊಂಡಿತ್ತು. ಆ ಚೂರು ಇಲ್ಲದೆ ಹಾಡು ಹಾಕಿದರೆ ಯಾರೋ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳುತ್ತದೆ. ಆಮೇಲೆ ರೀಲು ನೋಡಿದೆ. ಅಂಚಿನಲ್ಲಿ ಬಿಳಿ ಬೂಷ್ಟು. ಒಂದು ಕಡೆ ಪೂರ್ತಿ ತುಂಡಾಗಿತ್ತು. ತುಂಡಾದ ತುದಿ ಸೀರೆಯ ನಿರಿಗೆ ಹಾಗೆ ಮಡಚಿಕೊಂಡಿತ್ತು. ಅಂಚು ಹರಿದಿತ್ತು. ಮುಟ್ಟಿದರೆ ಬೆರಳಿಗೆ ಕಂದು ಪುಡಿ ಹತ್ತುತ್ತಿತ್ತು.

ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’. ನಕಲು ಅಲ್ಲ, ಕಂಪನಿಯ ಒರಿಜಿನಲ್ ಕ್ಯಾಸೆಟ್. ಬಿಳಿ ಸೂಟು ಹಾಕಿಕೊಂಡು ಮೊಣಕೈ ಊರಿ ಮಲಗಿರುವ ಆ ಚಿತ್ರ ಅರ್ಧ ಮಾಸಿತ್ತು.

ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಕ್ಯಾಸೆಟ್ ಮಂಡ್ಯದ ನನ್ನ ಸೋದರಮಾವನದು. ಪೇಟೆ ಬೀದಿ ಪಕ್ಕದ ಸಂದಿಯಲ್ಲಿ ಅವರದೊಂದು ರೆಕಾರ್ಡಿಂಗ್ ಅಂಗಡಿ ಇತ್ತು. ಆ ಕಾಲದವರಿಗೆ ಗೊತ್ತಿರುತ್ತದೆ. ಜನ ಹಾಡಿನ ಪಟ್ಟಿ ಬರೆದುಕೊಂಡು ಬರುತ್ತಿದ್ದರು. ಖಾಲಿ ಕ್ಯಾಸೆಟ್ ಕೊಟ್ಟು, ಎರಡು ದಿನ ಬಿಟ್ಟು ಬಂದು ತುಂಬಿಸಿದ ಕ್ಯಾಸೆಟ್ ತಗೊಂಡು ಹೋಗುತ್ತಿದ್ದರು. ರಾಜ್‌ಕುಮಾರ್ ಹಾಡು, ಭಾವಗೀತೆ, ಮಾದಪ್ಪನ ಪದ, ಹರಿಕಥೆ. ಗೋಡೆ ತುಂಬ ಕ್ಯಾಸೆಟ್. ಆ ಗೋಡೆಯಲ್ಲಿ ಬಹಳ ದಿನ ಇದ್ದ ಇಂಗ್ಲಿಷ್ ಕ್ಯಾಸೆಟ್ ಇದೊಂದೇ. ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಕೇಳಿ ಕೇಳಿ, ಕೊನೆಗೆ ಮಾವ ಬೆಂಗಳೂರಿಗೆ ಹೋಗಿದ್ದಾಗ ಕೊಂಡು ತಂದಿದ್ದರು. ಆಮೇಲೆ ಊರಿನಲ್ಲಿ ಬ್ರೇಕ್ ಡ್ಯಾನ್ಸ್ ಹುಚ್ಚು ಹಿಡಿಯಿತು. ಗಣೇಶನ ಪೆಂಡಾಲಿಗೆ, ಕಾಲೇಜು ಡೇಗೆ, ಎಲ್ಲದಕ್ಕೂ ಇದರಿಂದಲೇ ನಕಲು ತೆಗೆದು ಕೊಟ್ಟರು. ಹಾಗೆ ನಕಲು ಮಾಡಿ ಮಾರಿದ್ದು ಸರಿಯಲ್ಲ ಅಂತ ಮಾವನೇ ಈಗ ಹೇಳುತ್ತಾರೆ. ಹಾಡಿದವರಿಗೂ ಬಾರಿಸಿದವರಿಗೂ ಅದರಿಂದ ಒಂದು ಪೈಸೆ ಹೋಗಲಿಲ್ಲ. ಆದರೆ ಈ ಒಂದು ಕ್ಯಾಸೆಟ್ಟಿಗೆ ಅವರು ಪೂರ್ತಿ ದುಡ್ಡು ಕೊಟ್ಟಿದ್ದರು. ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ.

ಬೇಸಿಗೆ ರಜೆಯಲ್ಲಿ ನಾನು ಮಂಡ್ಯಕ್ಕೆ ಹೋದರೆ ಅಂಗಡಿಯಲ್ಲೇ ಇರುತ್ತಿದ್ದೆ. ಡೆಕ್ಕಿನ ಮುಳ್ಳು ಎರಡೂ ತಾಳಕ್ಕೆ ಕುಣಿಯುವುದನ್ನು ನೋಡುತ್ತಾ ಕೂರುತ್ತಿದ್ದೆ. ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಆದರೆ ಯಾವ ಹಾಡಿನ ಹಿಂದೆ ಯಾವ ಹಾಡು ಬರುತ್ತದೆ ಅಂತ ಮಗ್ಗಿ ಹಾಗೆ ಬಾಯಿಗೆ ಬಂದಿತ್ತು.

ಇಷ್ಟು ಹೇಳಲು ಕಾರಣ ಇದೆ. ಹೋದ ವರ್ಷ ನನ್ನ ಒಂಬತ್ತನೇ ತರಗತಿ ಹುಡುಗನೊಬ್ಬ “ಮಿಸ್, ‘ಬಿಲ್ಲಿ ಜೀನ್’ ಕೇಳಿದ್ದೀರಾ?” ಅಂತ ಕೇಳಿದ. ಇದೇ ಕ್ಯಾಸೆಟ್ಟಿನ ಹಾಡು ಅದು. ಅವನಿಗೆ ಚೆನ್ನಾಗಿ ಗೊತ್ತು, ಹೆಜ್ಜೆ ಕೂಡ ಹಾಕುತ್ತಾನೆ. “ಅದರ ಹಿಂದಿನ ಹಾಡು ಯಾವುದು ಹೇಳು” ಅಂದೆ. ಹಿಂದಿನ ಹಾಡು ಅನ್ನುವ ಮಾತೇ ಅವನಿಗೆ ಅರ್ಥ ಆಗಲಿಲ್ಲ. ಅವನ ಫೋನಿನಲ್ಲಿ ಅದು ಬೇರೆ ಇನ್ನೇನೋ ಹಾಡಿನ ಪಕ್ಕದಲ್ಲಿದೆ. ಅವನದು ತಪ್ಪಲ್ಲ. ಆದರೆ ನನಗೆ ಸಂಕಟ ಆಯಿತು. ಏಕೆಂದರೆ ‘ಥ್ರಿಲ್ಲರ್’ ಆಲ್ಬಂ 9 ಹಾಡಿನ ಒಂದು ಇಡೀ ಕೆಲಸ. ಯಾವುದರ ಮುಂದೆ ಯಾವುದು ಅಂತ ಯೋಚಿಸಿ ಜೋಡಿಸಿದ್ದು. ಮೊದಲ ಬದಿ ‘ಥ್ರಿಲ್ಲರ್’ ಹಾಡಿನ ಕೊನೆಯ ಆ ಅಟ್ಟಹಾಸದ ನಗುವಿನಲ್ಲಿ ಮುಗಿಯುತ್ತದೆ. ನೀವು ಎದ್ದು ಹೋಗಿ ಕ್ಯಾಸೆಟ್ ತಿರುಗಿಸಬೇಕು. ತಿರುಗಿಸಿದರೆ ‘ಬೀಟ್ ಇಟ್’. ಆ ಎದ್ದು ಹೋಗುವ ಅರ್ಧ ನಿಮಿಷ ಕೂಡ ಆಲ್ಬಮ್ಮಿನ ಒಳಗೇ ಸೇರಿದೆ ಅಂತ ನಾನು ನಂಬುತ್ತೇನೆ.

ಹಾಗಾಗಿ ಮಾವನ ಕ್ಯಾಸೆಟ್ ಸರಿ ಮಾಡಿ ಮಕ್ಕಳಿಗೆ ಪೂರ್ತಿ ಕೇಳಿಸಬೇಕು ಅನ್ನಿಸಿತು. ಅಂಗಡಿ ಮುಚ್ಚಿದ ಮೇಲೆ ಎಲ್ಲವೂ ಒಂದು ಕಬ್ಬಿಣದ ಟ್ರಂಕಿಗೆ ಸೇರಿ ಅಟ್ಟಕ್ಕೆ ಹೋಗಿತ್ತು. ಮೊದಲು ಮೈಸೂರಿನ ಒಂದು ಅಂಗಡಿಗೆ ಕೊಟ್ಟೆ. ಹಳೇ ಕ್ಯಾಸೆಟ್ ಕಂಪ್ಯೂಟರಿಗೆ ಹಾಕಿಕೊಡುತ್ತೇವೆ ಅಂತ ಬೋರ್ಡ್ ಇತ್ತು. ಹತ್ತು ದಿನ ಬಿಟ್ಟು “ಇದು ಆಗೋಲ್ಲ ಮೇಡಂ” ಅಂತ ವಾಪಸ್ ಕೊಟ್ಟರು. ಮನೆಗೆ ಬಂದು ನೋಡಿದರೆ ತುಂಡಾದ ಜಾಗಕ್ಕೆ ಮಾಮೂಲಿ ಸೆಲ್ಲೋ ಟೇಪ್ ಹಚ್ಚಿದ್ದರು. ಅದರ ಅಂಟು ಹರಡಿ ಮುಂದಿನ ಸುತ್ತಿಗೂ ಹಿಡಿದಿತ್ತು. ಮಷೀನು ಎಳೆದಾಗ ರೀಲು ಇನ್ನಷ್ಟು ಹರಿದಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ. ಮಾರನೇ ದಿನ ಭಾನುವಾರ, ಮಂಡ್ಯದ ರೈಲು ಹತ್ತಿದೆ.

ಮಾವನಿಗೆ ಈಗ ಎಪ್ಪತ್ತು ದಾಟಿದೆ. ಕ್ಯಾಸೆಟ್ ಕೈಗೆ ತಗೊಂಡು ಬೆಳಕಿಗೆ ಹಿಡಿದರು.

“ಸೆಲ್ಲೋ ಟೇಪ್ ಹಾಕವ್ರಲ್ಲವ್ವ,” ಅಂದರು. ಬೈಯಲಿಲ್ಲ. “ಇರ್ಲಿ ಬುಡು. ಮಾಡವ. ಆದ್ರೆ ಬಿರ್‌ಬಿರ್ನೆ ಆಯ್ಕಿಲ್ಲ ಕನವ್ವ, ನಿಧಾನಕ್ಕೆ ಮಾಡ್ಬೇಕು.”

ನಾಲ್ಕು ಭಾನುವಾರ ಹಿಡಿಯಿತು.

ಮೊದಲ ವಾರ ಬೂಷ್ಟು ಬಿಡಿಸುವುದೇ ಆಯಿತು. ಬಿಸಿಲಿಗೆ ಇಟ್ಟರೆ ರೀಲು ಸೊಟ್ಟಗಾಗುತ್ತದೆ, ಅದಕ್ಕೆ ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ತೇವ ಹೀರುವ ಬಿಳಿ ಗುಳಿಗೆಯ ಪೊಟ್ಟಣ, ಅವನ್ನು ಒಟ್ಟುಮಾಡಿ ಗಾಳಿಯಾಡದ ಡಬ್ಬಿಯಲ್ಲಿ ರೀಲಿನ ಜೊತೆ ಮುಚ್ಚಿಟ್ಟೆವು. ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕನ್ನಡಕ ಒರೆಸುವ ಮೆತ್ತನೆ ಬಟ್ಟೆಯ ಮಡಿಕೆಯಲ್ಲಿ ರೀಲನ್ನು ಹಾಯಿಸುತ್ತಾ ಪೆನ್ಸಿಲಿನಿಂದ ತಿರುಗಿಸಿದೆ. ಆರು ಮೂಲೆಯ ಪೆನ್ಸಿಲೇ ಆಗಬೇಕು, ಹಲ್ಲಿಗೆ ಸರಿಯಾಗಿ ಕೂರುತ್ತದೆ. ಒಂದು ಬದಿಗೆ ಅರವತ್ತು ಮೀಟರಿಗಿಂತ ಜಾಸ್ತಿ ರೀಲು. ಬಟ್ಟೆ ಮೇಲೆ ಉದ್ದಕ್ಕೂ ಬೂದು ಗೆರೆ ಬಿತ್ತು. ಸೆಲ್ಲೋ ಟೇಪಿನ ಅಂಟನ್ನು ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಇಂಚಿಂಚಾಗಿ ತೆಗೆದೆ. ಹಾಡಿರುವ ಮುಖಕ್ಕೆ ಅದು ತಾಕಬಾರದು, ಹಿಂಬದಿಗೆ ಮಾತ್ರ.

ಡೆಕ್ಕಿನ ಕಥೆ ಬೇರೆ. ಮಾವನ ಹಳೇ ಡೆಕ್ಕಿನ ಬೆಲ್ಟು ಸಡಿಲವಾಗಿ ಅಂಟಂಟಾಗಿತ್ತು. ಹೊಸ ಬೆಲ್ಟು ಹಾಕಿದೆವು. ಬೇರೆ ಕ್ಯಾಸೆಟ್ಟಿನ ಬಟ್ಟೆಚೂರನ್ನು ಪಟ್ಟಿ ಸಮೇತ ತೆಗೆದು ನಮ್ಮದಕ್ಕೆ ಕೂರಿಸಿದೆ. ತುಂಡಾದ ಜಾಗಕ್ಕಿಂತ ಮುಂಚೆ ಬರುವ ‘ಬೀಟ್ ಇಟ್’ ಹಾಕಿ ಗಡಿಯಾರ ಹಿಡಿದೆ. ಹಾಡಿನ ಉದ್ದ 4 ನಿಮಿಷ 18 ಸೆಕೆಂಡು. ನಮ್ಮ ಡೆಕ್ಕಿನಲ್ಲಿ 4 ನಿಮಿಷ 28 ಸೆಕೆಂಡು ಆಯಿತು. ನೂರಕ್ಕೆ ನಾಲ್ಕರಷ್ಟು ನಿಧಾನ. ಮೈಕಲ್‌ನ ದನಿ ನೆಗಡಿ ಆದವರ ಹಾಗೆ ದಪ್ಪಗಿತ್ತು. ಮೋಟಾರಿನ ಬೆನ್ನಲ್ಲಿ ಒಂದು ಸಣ್ಣ ತೂತು ಇರುತ್ತದೆ, ಅದರೊಳಗೆ ವೇಗದ ಸ್ಕ್ರೂ. ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಹಾಡು ಹಾಕುವುದು. ಏಳನೇ ಸಲಕ್ಕೆ 4:18 ಬಂತು.

ಆಮೇಲೆ ಹೆಡ್ ಅಡ್ಜಸ್ಟ್. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿದರೆ ಹೆಡ್ಡಿನ ಓರೆ ಬದಲಾಗುತ್ತದೆ, ಡ್ರಮ್ ಜೊತೆ ಬಾರಿಸುವ ಲೋಹದ ತಟ್ಟೆ ಸಿಂಬಲ್ಲಿನ ಝಲ್ ಅನ್ನುವ ಶಬ್ದ ತೆರೆದುಕೊಳ್ಳುತ್ತದೆ. ಒಂದು ಕಾಲಕ್ಕೆ ಇದರಲ್ಲಿ ಮಂಡ್ಯದಲ್ಲಿ ಮಾವನನ್ನು ಬಿಟ್ಟರೆ ಇಲ್ಲ. ಸ್ಕ್ರೂಡ್ರೈವರ್ ಅವರ ಕೈಗೆ ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ.

“ನಂಗೀಗ ಆ ಸಣ್ಣ ಶಬ್ದ ಕೇಳ್ಸಾಕಿಲ್ಲ ಮಗ. ದಪ್ಪದ್ದು ಕೇಳ್ತದೆ, ತಾಳ ಕೇಳ್ತದೆ. ಝಲ್ ಅನ್ನೋದು ಹೊಂಟೋಯ್ತು. ನೀನೇ ತಿರುಗ್ಸು.”

ನಾನೇ ತಿರುಗಿಸಿದೆ. ಶಬ್ದ ತೆರೆದುಕೊಂಡಾಗ ನನ್ನ ಮುಖ ನೋಡಿ ಅವರಿಗೆ ಗೊತ್ತಾಯಿತು. “ಅಲ್ಲೇ ನಿಲ್ಸು,” ಅಂದರು.

ಇನ್ನು ಉಳಿದಿದ್ದು ತುಂಡಾದ ಜಾಗ. ಈ ಕೆಲಸದ ಜೀವ ಇರುವುದೇ ಇಲ್ಲಿ.

ರೀಲು ತುಂಡಾಗಿದ್ದು ‘ಬಿಲ್ಲಿ ಜೀನ್’ ಶುರುವಿನಲ್ಲಿ. ಮೊದಲು ಡ್ರಮ್ ಒಂದೇ ಬರುತ್ತದೆ. ಆಮೇಲೆ ಅದರ ಜೊತೆ ಬೇಸ್ ಗಿಟಾರ್ ನಡೆಯಲು ಶುರು ಮಾಡುತ್ತದೆ, ಯಾರೋ ಕತ್ತಲಲ್ಲಿ ಹುಷಾರಾಗಿ ಹೆಜ್ಜೆ ಇಟ್ಟುಕೊಂಡು ಬರುವ ಹಾಗೆ. ಆ ನಡಿಗೆಯ ನಡುವೆ ನಮ್ಮ ರೀಲು ಹರಿದಿತ್ತು. ನಿರಿಗೆಯಾಗಿ ಪುಡಿ ಉದುರುತ್ತಿದ್ದ ಭಾಗ ಅಳೆದರೆ 6 ಸೆಂಟಿಮೀಟರ್ 1 ಮಿಲಿಮೀಟರ್. ಅದನ್ನು ಉಳಿಸಲು ಸಾಧ್ಯವೇ ಇರಲಿಲ್ಲ.

ಮಾವ ಎಲೆ ಅಡಿಕೆ ಡಬ್ಬಿಯಿಂದ ಬೆರಳುದ್ದದ ಒಂದು ಅಲ್ಯೂಮಿನಿಯಂ ಪಟ್ಟಿ ತೆಗೆದರು. ಅದರಲ್ಲಿ ರೀಲಿನಷ್ಟೇ ಅಗಲದ ಕಾಲುವೆ, ಅಡ್ಡಕ್ಕೆ ಒಂದು ಓರೆ ಸೀಳು. ರೀಲು ಕಾಲುವೆಯಲ್ಲಿ ಕೂರಿಸಿ, ಸೀಳಿನಲ್ಲಿ ಹೊಸ ಬ್ಲೇಡು ಎಳೆಯಬೇಕು. ನೆಟ್ಟಗೆ ಕತ್ತರಿಸಿದರೆ ಸೇರಿಸಿದ ಜಾಗದಲ್ಲಿ ಟಪ್ ಅನ್ನುತ್ತದೆ. ಓರೆಯಾಗಿ ಕತ್ತರಿಸಿದರೆ ಒಂದು ಶಬ್ದ ಇಳಿಯುತ್ತಾ ಇನ್ನೊಂದು ಏರುತ್ತದೆ. ಎರಡು ತುದಿ ಒಂದಕ್ಕೊಂದು ತಾಗಬೇಕು, ಆದರೆ ಒಂದರ ಮೇಲೊಂದು ಏರಬಾರದು. ಹಿಂಬದಿಗೆ ಇದಕ್ಕಂತಲೇ ಇರುವ ಸ್ಪ್ಲೈಸಿಂಗ್ ಟೇಪಿನ ಚೂರು ಅಂಟಿಸಿ ಉಗುರಿನಿಂದ ಉಜ್ಜಬೇಕು. ಮಾವನ ಕೈ ನಡುಗುತ್ತದೆ, ಹಾಗಾಗಿ ಕತ್ತರಿಸಿದ್ದು ನಾನು, ಹೇಳಿಕೊಟ್ಟಿದ್ದು ಅವರು. ಹಾಳಾದ 6.1 ಸೆಂಟಿಮೀಟರ್ ತೆಗೆದು ಸೇರಿಸಿದೆ. ಜೋಡಣೆ ಎಷ್ಟು ಚೆನ್ನಾಗಿ ಬಂತೆಂದರೆ ಬೆರಳಿಗೆ ಗೊತ್ತಾಗುತ್ತಿರಲಿಲ್ಲ.

ಹಾಕಿ ಕೇಳಿದೆವು. ಮಾವ ಕಣ್ಣು ಮುಚ್ಚಿ ಕಾಲಿನಲ್ಲಿ ತಾಳ ಹಾಕುತ್ತಿದ್ದರು. ಸೇರಿಸಿದ ಜಾಗ ಬಂದ ತಕ್ಷಣ ಕಾಲು ಎಡವಿತು. ಕಣ್ಣು ಬಿಟ್ಟರು.

“ಶಬ್ದ ಸರಿಯಾಗದೆ. ತಾಳ ತಪ್ತಲ್ಲವ್ವ.”

ಹೌದು. ಟಪ್ ಅನ್ನಲಿಲ್ಲ, ಗೊರಗೊರ ಅನ್ನಲಿಲ್ಲ. ಆದರೆ ನಡೆದು ಬರುತ್ತಿದ್ದವನು ಮೆಟ್ಟಿಲು ತಪ್ಪಿದ ಹಾಗೆ ಆಗುತ್ತಿತ್ತು. ಈ ಹಾಡಿಗೆ ಅದಕ್ಕಿಂತ ದೊಡ್ಡ ಪೆಟ್ಟು ಇಲ್ಲ. ಇದರಲ್ಲಿ ಡ್ರಮ್ ಬಾರಿಸಿದವರು ಎಂಡುಗು ಚಾನ್ಸ್ಲರ್. ರೆಕಾರ್ಡಿಂಗ್ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಆ ಡ್ರಮ್ಮಿನ ಶಬ್ದಕ್ಕಂತಲೇ ಬೇರೆ ಮರದ ವೇದಿಕೆ ಮಾಡಿಸಿದ್ದರು, ದೊಡ್ಡ ಡ್ರಮ್ಮಿಗೆ ಜಿಪ್ ಇರುವ ಗವುಸು ಹೊಲಿಸಿದ್ದರು. ಈ ಒಂದು ಹಾಡನ್ನು 91 ಸಲ ಮಿಕ್ಸ್ ಮಾಡಿ, ಅಂದರೆ ವಾದ್ಯ ಮತ್ತು ದನಿಗಳನ್ನು ಬೇರೆ ಬೇರೆ ಹದದಲ್ಲಿ ಬೆರೆಸಿ ನೋಡಿ, ಕೊನೆಗೆ ವಾಪಸ್ ಹೋಗಿ ಎರಡನೆಯದನ್ನೇ ಆರಿಸಿಕೊಂಡರಂತೆ. ಅಷ್ಟು ಕಷ್ಟಪಟ್ಟು ಕೂರಿಸಿದ ತಾಳ ನನ್ನ ಬ್ಲೇಡಿಗೆ ಮುಗ್ಗರಿಸಿತ್ತು.

ಆ ಸಂಜೆ ರೈಲಿನಲ್ಲಿ ವಾಪಸ್ ಬರುವಾಗ ಒಂದು ಹಾಳೆ ತೆಗೆದು ಲೆಕ್ಕ ಹಾಕಿದೆ. ಕ್ಯಾಸೆಟ್ಟಿನ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ‘ಬಿಲ್ಲಿ ಜೀನ್’ ತಾಳ ನಿಮಿಷಕ್ಕೆ ಸುಮಾರು 117 ಪೆಟ್ಟು. ಅಂದರೆ ಒಂದು ಪೆಟ್ಟಿಗೆ ಅರ್ಧ ಸೆಕೆಂಡಿಗಿಂತ ಚೂರು ಜಾಸ್ತಿ, ರೀಲಿನಲ್ಲಿ ಸುಮಾರು 2.44 ಸೆಂಟಿಮೀಟರ್. ನಾನು ಕತ್ತರಿಸಿದ 6.1 ಸೆಂಟಿಮೀಟರಿನಲ್ಲಿ ಎರಡೂವರೆ ಪೆಟ್ಟು ಹೋಗಿತ್ತು. ಆ ಅರ್ಧ ಪೆಟ್ಟಿಗೇ ಮಾವನ ಕಾಲು ಎಡವಿದ್ದು. ನಾಲ್ಕು ಪೆಟ್ಟಿಗೆ ಒಂದು ಸುತ್ತು. ಬೇಸ್ ಗಿಟಾರಿನ ನಡಿಗೆ ಕೂಡ ಪ್ರತಿ ಸುತ್ತಿಗೂ ಅದೇ ಮರಳಿ ಬರುತ್ತದೆ. ಹಾಗಾದರೆ ಸರಿಯಾಗಿ ಒಂದು ಸುತ್ತು ತೆಗೆದರೆ ಕಾಲಿಗೆ ಗೊತ್ತೇ ಆಗಬಾರದು. ಒಂದು ಸುತ್ತು ಅಂದರೆ ಒಂಬತ್ತು ಮುಕ್ಕಾಲು ಸೆಂಟಿಮೀಟರ್.

ಲೆಕ್ಕ ಬಂತು, ಆದರೆ ಕೈ ಬರಲಿಲ್ಲ. ಏಕೆಂದರೆ ಇನ್ನೂ 3.65 ಸೆಂಟಿಮೀಟರ್ ಕತ್ತರಿಸಬೇಕು. ಅದು ಹಾಳಾದ ರೀಲಲ್ಲ, ಚೆನ್ನಾಗಿರುವ ರೀಲು. ಇಷ್ಟು ವರ್ಷ ಉಳಿದುಕೊಂಡು ಬಂದಿದ್ದನ್ನು ನಾನೇ ಕತ್ತರಿಸೋದಾ? ಒಂದು ವಾರ ಪೂರ್ತಿ ಅದೇ ಯೋಚನೆ.

ಆ ವಾರವೇ ಈ ಆಲ್ಬಂ ಹೇಗೆ ತಯಾರಾಯಿತು ಅಂತ ಮತ್ತೆ ಓದಿದ್ದು. ಇದರ ಮಾರಾಟದ ಲೆಕ್ಕ ಎಲ್ಲರೂ ಹೇಳುತ್ತಾರೆ. 1982ರ ನವೆಂಬರ್ ಕೊನೆಯಲ್ಲಿ ಹೊರಗೆ ಬಂತು, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 37 ವಾರ ಮೊದಲ ಸ್ಥಾನದಲ್ಲಿತ್ತು, 9 ಹಾಡಿನಲ್ಲಿ 7 ಬಿಡಿಯಾಗಿ ಬಂದು ಏಳೂ ಮೊದಲ ಹತ್ತರೊಳಗೆ ಸೇರಿದವು, 1984ರ ಫೆಬ್ರವರಿಯಲ್ಲಿ ಒಂದೇ ರಾತ್ರಿ ಮೈಕಲ್‌ಗೆ 8 ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂತು. 2021ರ ಹೊತ್ತಿಗೆ ಅಮೆರಿಕ ಒಂದರಲ್ಲೇ 3 ಕೋಟಿ 40 ಲಕ್ಷ ಪ್ರತಿಯ ಲೆಕ್ಕಕ್ಕೆ ಪ್ರಮಾಣಪತ್ರ ಸಿಕ್ಕಿದೆ. ಇವೆಲ್ಲ ದೊಡ್ಡ ಮಾತೇ. ಆದರೆ ನನ್ನ ಮನಸ್ಸು ಹಿಡಿದಿದ್ದು ಬಿಡುಗಡೆಗೆ ಸ್ವಲ್ಪ ಮುಂಚೆ ನಡೆದ ಒಂದು ಘಟನೆ.

1982ರ ಏಪ್ರಿಲ್‌ನಿಂದ ಲಾಸ್ ಏಂಜಲೀಸ್‌ನ ವೆಸ್ಟ್‌ಲೇಕ್ ಸ್ಟುಡಿಯೋದಲ್ಲಿ ಕೆಲಸ ನಡೆದಿತ್ತು. ನಿರ್ಮಾಪಕ ಕ್ವಿನ್ಸಿ ಜೋನ್ಸ್. ಎಲ್ಲ ಮುಗಿಯಿತು ಅಂದುಕೊಂಡು ಕೂತು ಕೇಳಿದರೆ ಶಬ್ದ ಪೇಲವವಾಗಿತ್ತು. ಮೈಕಲ್‌ಗೆ ಅಳು ಬಂತು. ಹಾಡುಗಳು ಕೆಟ್ಟದಾಗಿರಲಿಲ್ಲ, ಉದ್ದ ಜಾಸ್ತಿಯಾಗಿತ್ತು. ಎಲ್‌ಪಿ ಗ್ರಾಮಫೋನ್ ತಟ್ಟೆಯಲ್ಲಿ ಹಾಡು ಇರುವುದು ಒಂದು ಗೆರೆಯಾಗಿ. ಹೊಲದ ಸಾಲಿನ ಹಾಗೆ ಅಂದುಕೊಳ್ಳಿ. ದಪ್ಪ ಶಬ್ದಕ್ಕೆ ಗೆರೆ ಅಗಲವಾಗಿ ಓಲಾಡಬೇಕು, ಸಾಲುಗಳ ನಡುವೆ ಜಾಗ ಬೇಕು. ಒಂದೇ ಬದಿಗೆ ನಿಮಿಷ ಜಾಸ್ತಿ ತುರುಕಿದರೆ ಸಾಲು ಒತ್ತೊತ್ತಾಗುತ್ತವೆ, ಶಬ್ದ ಕುಗ್ಗಿಸಬೇಕಾಗುತ್ತದೆ, ಬೇಸ್ ಸತ್ತುಹೋಗುತ್ತದೆ. ಅವರೇನು ಮಾಡಿದರು? ಹಾಡುಗಳನ್ನು ಕತ್ತರಿಸಿದರು. ಚೆನ್ನಾಗಿ ಹಾಡಿದ್ದನ್ನೇ ಕತ್ತರಿಸಿದರು. ಕೊನೆಯ ಹಾಡು ‘ದಿ ಲೇಡಿ ಇನ್ ಮೈ ಲೈಫ್’ನಿಂದ ಒಂದು ಚರಣವೇ ಹೋಯಿತು. ‘ಬಿಲ್ಲಿ ಜೀನ್’ ಶುರುವಿನಿಂದಲೂ ಒಂದಿಷ್ಟು ಹೋಯಿತು. ಆ ಶುರು ಬಹಳ ಉದ್ದ ಅಂತ ಕ್ವಿನ್ಸಿ ಮೊದಲಿಂದಲೂ ಹೇಳುತ್ತಿದ್ದರಂತೆ. ತನಗೆ ಕುಣಿಯಬೇಕು ಅನ್ನಿಸುವುದೇ ಆ ಶುರು ಕೇಳಿದಾಗ ಅಂತ ಮೈಕಲ್ ವಾದ ಮಾಡಿ ಉಳಿಸಿಕೊಂಡಷ್ಟು ಉಳಿಯಿತು. ಆಮೇಲೆ ದಿನಕ್ಕೊಂದು ಹಾಡಿನಂತೆ ಮತ್ತೆ ಮಿಕ್ಸ್ ಮಾಡಿದರು. ಕೊನೆಗೆ ಒಂದು ಬದಿ 20 ನಿಮಿಷ, ಇನ್ನೊಂದು 22 ನಿಮಿಷ ಚಿಲ್ಲರೆ. ಒಟ್ಟು 42 ನಿಮಿಷ.

ನಾನು ಮಗ್ಗಿ ಹಾಗೆ ಕಲಿತ ಆ 42 ನಿಮಿಷ ಹಾಗೆ ಕತ್ತರಿಸಿ, ಅಳೆದು, ಉಸಿರಾಡಲು ಜಾಗ ಬಿಟ್ಟು ಮಾಡಿದ್ದು. ಇದನ್ನು ಓದಿದ ಮೇಲೆ ಬ್ಲೇಡು ಹಿಡಿಯಲು ಧೈರ್ಯ ಬಂತು.

ಆದರೆ ಇನ್ನೊಂದು ವಿಷಯ ಇತ್ತು. ಕ್ಯಾಸೆಟ್ ರೀಲಿನ ಅಗಲ 3.81 ಮಿಲಿಮೀಟರ್. ಅದರ ಅರ್ಧದಲ್ಲಿ ಒಂದು ಬದಿ, ಇನ್ನರ್ಧದಲ್ಲಿ ಇನ್ನೊಂದು ಬದಿ, ಎದುರುಬದುರು ಓಡುತ್ತವೆ. ಎರಡನೇ ಬದಿಯಲ್ಲಿ ಒಂದು ತುಂಡು ತೆಗೆದರೆ ಮೊದಲ ಬದಿಯಲ್ಲೂ ಅಷ್ಟೇ ಹೋಗುತ್ತದೆ. ಎಲ್ಲಿ ಹೋಗುತ್ತದೆ? ಎರಡನೇ ಬದಿಯ ಶುರುವಿನಿಂದ ನಾಲ್ಕೂವರೆ ನಿಮಿಷ ಅಂದರೆ ಮೊದಲ ಬದಿಯ ಕೊನೆಯಿಂದ ನಾಲ್ಕೂವರೆ ನಿಮಿಷ. ಖಾಲಿ ರೀಲು ಕಳೆದು ಲೆಕ್ಕ ಹಾಕಿದರೆ ‘ಥ್ರಿಲ್ಲರ್’ ಹಾಡಿನ ಮೂರೂವರೆ ನಿಮಿಷ ದಾಟಿದ ಜಾಗ. ಹಾಡು ಏರಿ ನಿಂತಿರುವ ಜಾಗ ಅದು. ಅಲ್ಲಿ ಎರಡು ಸೆಕೆಂಡು ಹೋದರೆ ಮೈಕಲ್‌ನ ಎರಡು ಮೂರು ಪದ ಹೋಗುತ್ತವೆ. ಅಲ್ಲೂ ತಾಳ ತಪ್ಪಿದರೆ?

ಅಲ್ಲಿ ಒಂದು ಅದೃಷ್ಟ ಕಾದಿತ್ತು. ‘ಥ್ರಿಲ್ಲರ್’ ತಾಳ ನಿಮಿಷಕ್ಕೆ ಸುಮಾರು 118 ಪೆಟ್ಟು. ಅದರ ಒಂದು ಸುತ್ತಿಗೂ ‘ಬಿಲ್ಲಿ ಜೀನ್’ನ ಒಂದು ಸುತ್ತಿಗೂ ರೀಲಿನಲ್ಲಿ ಒಂದು ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ. ಒಂದು ಬದಿಯ ಒಂದು ಸುತ್ತು ತೆಗೆದರೆ ಇನ್ನೊಂದು ಬದಿಯದೂ ಒಂದೇ ಸುತ್ತು ಹೋಗುತ್ತದೆ. ಪದ ಹೋಗುತ್ತದೆ, ತಾಳ ಉಳಿಯುತ್ತದೆ. ಹಾಳೆಯ ಮೇಲೆ ಆ ಅಂಕಿ ಬಂದಾಗ ಎರಡು ಸಲ ಮಾಡಿ ನೋಡಿದೆ. ಇಪ್ಪತ್ತೈದು ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದೇನೆ. ಒಂದು ಉತ್ತರ ಬಂದಿದ್ದಕ್ಕೆ ಕಣ್ಣು ತೇವ ಆಗಿದ್ದು ಅವತ್ತೇ.

ನಾಲ್ಕನೇ ಭಾನುವಾರ ಮಾವನಿಗೆ ಲೆಕ್ಕ ತೋರಿಸಿದೆ. ಹಾಳೆ ನೋಡಲಿಲ್ಲ.

“ಎರಡು ಕಡೆನೂ ಹೋಯ್ತದೆ ಅಂತ ನಂಗೊತ್ತು ಕನವ್ವ. ಅದ್ಕೇ ನಾನು ಆ ಕಾಲದಲ್ಲಿ ಒರಿಜಿನಲ್ ರೀಲು ಯಾವತ್ತೂ ಕುಯ್ದೋನಲ್ಲ. ಈಗ ನೀ ಲೆಕ್ಕ ಹಾಕಿದ್ದೀಯೆ, ಸರಿ. ಆದ್ರೆ ಲೆಕ್ಕ ಅಲ್ಲಿಗಂಟ ಕರ್ಕೊಂಡ್ ಹೋಯ್ತದೆ. ಕುಯ್ಯೋ ಜಾಗ ಕಿವೀನೇ ಹೇಳ್ಬೇಕು.”

ಅವರು ಮೋಟಾರಿನ ವೈರು ಬಿಚ್ಚಿಸಿದರು. ಆಂಪ್ಲಿಫೈಯರ್ ಮಾತ್ರ ಚಾಲೂ. ಡೆಕ್ಕಿನ ಹಿಂದಿರುವ ಭಾರದ ಚಕ್ರವನ್ನು ಬೆರಳಿನಲ್ಲಿ ನಿಧಾನವಾಗಿ ತಿರುಗಿಸಿದರು. ರೀಲು ಹೆಡ್ಡಿನ ಮೇಲೆ ಇರುವೆ ಹಾಗೆ ತೆವಳಿತು. ಸ್ಪೀಕರಿನಲ್ಲಿ ಹಾಡು ಇಲ್ಲ, ಏನೋ ದೊಡ್ಡ ಪ್ರಾಣಿ ಉಸಿರಾಡಿದ ಹಾಗೆ ಒಂದು ಗುರ್ ಶಬ್ದ. ತಿರುಗಿಸುತ್ತಾ ತಿರುಗಿಸುತ್ತಾ ಒಂದು ಕಡೆ ದುಬ್ಬ್ ಅಂತ ಏರಿತು. “ಇದು ಡ್ರಮ್ಮು.” ಹಿಂದಕ್ಕೆ ತಿರುಗಿಸಿದರು, ಮತ್ತೆ ದುಬ್ಬ್. ಏರುವುದಕ್ಕೆ ಸರಿಯಾಗಿ ಮುಂಚೆ ನಿಲ್ಲಿಸಿ “ಗುರ್ತು ಹಾಕು” ಅಂದರು. ಬಿಳಿ ಪೆನ್ಸಿಲಿನಲ್ಲಿ ರೀಲಿನ ಬೆನ್ನಿಗೆ ಚುಕ್ಕಿ ಇಟ್ಟೆ. ಆ ಕೋಣೆಯಲ್ಲಿ ನಾವಿಬ್ಬರೂ ಉಸಿರು ಬಿಗಿಹಿಡಿದಿದ್ದೆವು. ಕೆಳಗೆ ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋಗಿ ಮುಗಿಯುವವರೆಗೆ ಮಾವ ಚಕ್ರದಿಂದ ಬೆರಳು ತೆಗೆಯಲಿಲ್ಲ. ಚುಕ್ಕಿಯಿಂದ ಹಳೇ ಜೋಡಣೆವರೆಗೆ ಸ್ಕೇಲಿಟ್ಟು ಅಳೆದೆ. 3 ಸೆಂಟಿಮೀಟರ್ 6 ಮಿಲಿಮೀಟರ್, ಅದರ ಮೇಲೆ ಕೂದಲೆಳೆ. ನನ್ನ ಹಾಳೆಯಲ್ಲಿದ್ದ ಅಂಕಿಯೇ.

ಕತ್ತರಿಸಿದೆ. ಸೇರಿಸಿದೆ. ಐದು ಸ್ಕ್ರೂ ಬಿಗಿ ಮಾಡಿದೆ. ತೆಗೆದ ಎರಡು ತುಂಡನ್ನೂ ಬಿಸಾಡಲು ಮನಸ್ಸಾಗಲಿಲ್ಲ, ಕಾಗದದಲ್ಲಿ ಸುತ್ತಿ ಕ್ಯಾಸೆಟ್ ಡಬ್ಬಿಯ ಕಾರ್ಡಿನ ಹಿಂದೆ ಇಟ್ಟೆ.

ಡೆಕ್ಕಿನಿಂದ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ರೆಕಾರ್ಡಿಂಗ್ ಶುರು ಮಾಡಿದೆ. ಶಬ್ದದ ಗೆರೆ ಮೇಲಿನ ಅಂಚಿಗೆ ತಾಗದ ಹಾಗೆ ಕಮ್ಮಿ ಇಟ್ಟುಕೊಂಡೆ, ಒಂದು ಸಲ ಒಡೆದ ಶಬ್ದ ಮತ್ತೆ ಕೂಡುವುದಿಲ್ಲ. ರೀಲಿನ ಸುಯ್ ಅನ್ನುವ ಸದ್ದನ್ನು ತೆಗೆಯಲು ಹೋಗಲಿಲ್ಲ. ಅದನ್ನು ತೆಗೆದರೆ ಸಿಂಬಲ್ಲಿನ ಝಲ್ ಕೂಡ ಹೋಗುತ್ತದೆ.

ಮೊದಲ ಬದಿ. ನಾಲ್ಕನೇ ಹಾಡಿಗೆ ಬಂದಾಗ ನಾನು ಗಡಿಯಾರ ನೋಡುತ್ತಿದ್ದೆ. ಮೂರೂವರೆ ನಿಮಿಷ ದಾಟಿತು. ಒಂದು ಸಾಲಿನ ನಡುವೆ ಪದ ಹಾರಿತು, ತಾಳ ಹಾರಲಿಲ್ಲ. ಹಾರಿದ ಜಾಗದಲ್ಲಿ ಮಾವ ಸಣ್ಣಗೆ ಏನೋ ಗುನುಗಿದರು. ಇಂಗ್ಲಿಷ್ ಬರದ ಮಾವನ ಬಾಯಲ್ಲಿ ಆ ಪದಗಳ ಸದ್ದು ಮಾತ್ರ ಉಳಿದಿತ್ತು, ಅರ್ಥವಿಲ್ಲದೆ, ಸರಿಯಾದ ಸ್ವರಕ್ಕೆ. ಆಮೇಲೆ ಭೂತದ ಸಿನಿಮಾಗಳ ನಟ ವಿನ್ಸೆಂಟ್ ಪ್ರೈಸ್‌ರ ಆ ಗಡಸು ದನಿ, ಆ ನಗು. ಸುಯ್ ಅಂತ ಖಾಲಿ ರೀಲು ಓಡಿ ಬಟನ್ ಟಕ್ ಅಂತ ಮೇಲೆ ಬಂತು.

“ತಿರುಗ್ಸವ್ವ.”

ಎದ್ದು ತಿರುಗಿಸಿದೆ. ‘ಬೀಟ್ ಇಟ್’ ಮುಗಿಯಿತು. ಡ್ರಮ್ ಶುರುವಾಯಿತು. ಬೇಸ್ ನಡೆಯಲು ಶುರು ಮಾಡಿತು. ನಾನು ಮಾವನ ಕಾಲನ್ನೇ ನೋಡುತ್ತಿದ್ದೆ. ಹಾಡುವ ದನಿ ಬಂದ ಮೇಲೆ ಅವರು ಕಣ್ಣು ಬಿಟ್ಟು ನನ್ನ ಕಡೆ ನೋಡಿದರು.

“ಆ ಜಾಗ ಯಾವಾಗ ಬತ್ತದೆ?”

“ಆಗ್ಲೇ ದಾಟ್ತು ಮಾವ,” ಅಂದೆ.